ಲೋನ್ ರೇಂಜರ್ ಇಲ್ಲದೆಯೂ ಬ್ಯಾಸ್ ರೀವ್ಸ್ ದೊಡ್ಡವರೇ

ಪ್ರಶ್ನೆ: ನಾನು ಅಮೆರಿಕದ ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡ್‌ನಲ್ಲಿದ್ದೇನೆ. ವಾರಾಂತ್ಯದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಇಲ್ಲಿ ಫೆಬ್ರವರಿಯನ್ನು ಕಪ್ಪು ಜನರ ಇತಿಹಾಸದ ತಿಂಗಳು ಎಂದು ಆಚರಿಸುತ್ತಾರೆ. ಈ ಸಲ ದೊಡ್ಡ ಮಕ್ಕಳಿಗೆ ಬ್ಯಾಸ್ ರೀವ್ಸ್ ಎಂಬ ಕಪ್ಪು ಮಾರ್ಷಲ್ (ಕೇಂದ್ರ ನ್ಯಾಯಾಲಯದ ಪೊಲೀಸ್ ಅಧಿಕಾರಿ) ಬಗ್ಗೆ ಹೇಳೋಣ ಎಂದು ಸಿದ್ಧತೆ ಮಾಡಿಕೊಂಡೆ. ಮುಖವಾಡ ಹಾಕಿಕೊಂಡ ಪ್ರಸಿದ್ಧ ಕೌಬಾಯ್ ಪಾತ್ರ ಲೋನ್ ರೇಂಜರ್ ನಿಜಕ್ಕೂ ಇವರೇ, 3,000 ಜನರನ್ನು ಬಂಧಿಸಿದರು, 14 ಜನರನ್ನು ಕೊಂದರು, ಒಂದು ಗುಂಡೂ ಇವರಿಗೆ ತಾಗಲಿಲ್ಲ ಎಂದೆಲ್ಲ ಬರೆದುಕೊಂಡಿದ್ದೆ. ನನ್ನ ಗೆಳತಿ ಓದಿ, 'ಇದೆಲ್ಲ ಈಗಿನವರು ಕಟ್ಟಿದ ಕಥೆ ಕಣೇ, ಆ ಕಾಲದಲ್ಲಿ ಕಪ್ಪು ಪೊಲೀಸರು ಎಲ್ಲಿದ್ದರು?' ಎಂದಳು. ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲೋನ್ ರೇಂಜರ್ ವಿಷಯ ಬಿಟ್ಟರೆ ಮಕ್ಕಳು ಕೇಳುವುದೇ ಇಲ್ಲವೇನೋ ಎಂಬ ಭಯ. ಇಟ್ಟುಕೊಂಡರೆ ಸುಳ್ಳು ಹೇಳಿದಂತಾಗುತ್ತದಾ? ಏನು ಮಾಡಲಿ?

ಉತ್ತರ: ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ಪೂರ್ತಿ ತಪ್ಪು. ಲೋನ್ ರೇಂಜರ್ ವಿಷಯದಲ್ಲಿ ಅನುಮಾನ ಪಟ್ಟಿದ್ದು ಸರಿ. ಕಪ್ಪು ಪೊಲೀಸರು ಎಲ್ಲಿದ್ದರು ಎಂದು ಕೇಳಿದ್ದು ತಪ್ಪು. ಇದ್ದರು, ತುಂಬಾ ಜನ ಇದ್ದರು. ಸರ್ಕಾರಿ ಕಡತಗಳಲ್ಲಿ ಅವರ ಹೆಸರಿದೆ, ಅವರು ತೆಗೆದುಕೊಂಡ ಹಣದ ರಸೀದಿ ಇದೆ, ಅವರು ನ್ಯಾಯಾಲಯದಲ್ಲಿ ಹೇಳಿದ ಸಾಕ್ಷಿ ಇದೆ. ಅಮೆರಿಕದ ಇತಿಹಾಸ ಪಾಠ ಮಾಡುವ ನನಗೆ ಈ ಎರಡೂ ಮಾತು ಒಟ್ಟೊಟ್ಟಿಗೇ ಕೇಳಿಬರುತ್ತವೆ. ಒಬ್ಬರು ಇಲ್ಲದ್ದನ್ನು ಸೇರಿಸುತ್ತಾರೆ. ಅದನ್ನು ಕಂಡು ಇನ್ನೊಬ್ಬರು ಇದ್ದದ್ದನ್ನೂ ಅಲ್ಲಗಳೆಯುತ್ತಾರೆ.

ಮೊದಲು ಲೋನ್ ರೇಂಜರ್ ವಿಷಯ ಮುಗಿಸಿಬಿಡೋಣ. ಆ ಪಾತ್ರ ಹುಟ್ಟಿದ್ದು 1933ರಲ್ಲಿ, ಡೆಟ್ರಾಯಿಟ್ ನಗರದ ಡಬ್ಲ್ಯೂಎಕ್ಸ್‌ವೈಝಡ್ ರೇಡಿಯೋ ಕೇಂದ್ರದಲ್ಲಿ. ಜಾರ್ಜ್ ಟ್ರೆಂಡಲ್ ಆ ಕೇಂದ್ರದ ಮಾಲೀಕರು, ಫ್ರಾನ್ ಸ್ಟ್ರೈಕರ್ ಕಥೆ ಬರೆದವರು. ರೀವ್ಸ್ ತೀರಿಕೊಂಡಿದ್ದು 1910ರಲ್ಲಿ. ಇಬ್ಬರನ್ನೂ ಜೋಡಿಸುವ ವಾದ ಹೀಗೆ ಸಾಗುತ್ತದೆ: ರೀವ್ಸ್ ವೇಷ ಮರೆಸಿಕೊಂಡು ಹೋಗುತ್ತಿದ್ದರು, ಬಿಳಿ ಛಾಯೆಯ ಕುದುರೆ ಏರುತ್ತಿದ್ದರು, ಮೂಲನಿವಾಸಿ ಜತೆಗಾರರೊಂದಿಗೆ ಕೆಲಸ ಮಾಡುತ್ತಿದ್ದರು. ಅವರು ಹಿಡಿದು ತಂದ ಕೈದಿಗಳಲ್ಲಿ ಕೆಲವರನ್ನು ಡೆಟ್ರಾಯಿಟ್‌ನ ಜೈಲಿಗೆ ಕಳಿಸಲಾಗುತ್ತಿತ್ತು. ಹಾಗಾಗಿ ಅವರ ಕಥೆ ಆ ಊರಿನಲ್ಲಿ ಬಾಯಿಂದ ಬಾಯಿಗೆ ಹರಡಿರಬಹುದು ಎಂದು.

ಹರಡಿರಬಹುದು ನಿಜ. ಆದರೆ ಸ್ಟ್ರೈಕರ್ ಆಗಲಿ ಟ್ರೆಂಡಲ್ ಆಗಲಿ ರೀವ್ಸ್ ಹೆಸರು ಕೇಳಿದ್ದರು ಎನ್ನಲು ಒಂದು ಕಾಗದವೂ ಸಿಕ್ಕಿಲ್ಲ. ವೇಷ ಮರೆಸಿಕೊಳ್ಳುವ ನಾಯಕರು, ಬಿಳಿ ಕುದುರೆಗಳು, ನಿಷ್ಠಾವಂತ ಜತೆಗಾರರು ಆ ಕಾಲದ ಅಗ್ಗದ ಸಾಹಸ ಕಥೆಗಳ ತುಂಬಾ ಇದ್ದರು. ಟೆಕ್ಸಾಸ್ ರೇಂಜರ್, ಅಂದರೆ ಆ ರಾಜ್ಯದ ವಿಶೇಷ ಪಡೆಯ ಪೊಲೀಸ್ ಆಗಿದ್ದ ಜಾನ್ ಹ್ಯೂಸ್ ಎಂಬುವರೇ ಆ ಪಾತ್ರದ ಮೂಲ ಎನ್ನುವವರೂ ಇದ್ದಾರೆ. ಕಥೆಯ ನಾಯಕ ಟೆಕ್ಸಾಸ್ ರೇಂಜರ್, ರೀವ್ಸ್ ಯಾವತ್ತೂ ಆಗಿರಲಿಲ್ಲ. ಈ ಹೋಲಿಕೆಯನ್ನು ಹೆಚ್ಚು ಜನರಿಗೆ ತಲುಪಿಸಿದ್ದು ಇತಿಹಾಸಕಾರ ಆರ್ಟ್ ಬರ್ಟನ್ 2006ರಲ್ಲಿ ಪ್ರಕಟಿಸಿದ ಜೀವನಚರಿತ್ರೆ. ಅವರು ಹೇಳಿದ್ದು ಇಷ್ಟೇ: ಆ ಪಾತ್ರವನ್ನು ಅತಿ ಹೆಚ್ಚು ಹೋಲುವ ನಿಜ ವ್ಯಕ್ತಿ ರೀವ್ಸ್, ಆದರೆ ಅವರೇ ಮೂಲ ಎಂದು ಖಚಿತವಾಗಿ ಸಾಬೀತು ಮಾಡುವುದು ಕಷ್ಟ. ಈ ಎರಡನೆಯ ಭಾಗ ದಾರಿಯಲ್ಲಿ ಎಲ್ಲೋ ಉದುರಿಹೋಯಿತು.

ಈಗ ನಿಜವಾದ ಮನುಷ್ಯನ ಕಡೆ ಬರೋಣ. ಬ್ಯಾಸ್ ರೀವ್ಸ್ 1838ರಲ್ಲಿ ಆರ್ಕನ್ಸಾದಲ್ಲಿ ಗುಲಾಮರಾಗಿ ಹುಟ್ಟಿದರು. ರೀವ್ಸ್ ಎಂಬುದು ಮಾಲೀಕನ ಮನೆತನದ ಹೆಸರು. ಆ ಕುಟುಂಬ ಟೆಕ್ಸಾಸ್‌ನ ಗ್ರೇಸನ್ ಕೌಂಟಿಗೆ (ಜಿಲ್ಲೆಗೆ) ಹೋದಾಗ ಹುಡುಗ ಬ್ಯಾಸ್‌ನನ್ನೂ ಕರೆದೊಯ್ಯಿತು. ಮಾಲೀಕನ ಮಗ ಜಾರ್ಜ್ ರೀವ್ಸ್ ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ನಿಂತ ದಕ್ಷಿಣದವರ ಪರ ಹೋರಾಡಿದ, ಮುಂದೆ ಟೆಕ್ಸಾಸ್ ವಿಧಾನಸಭೆಯ ಸ್ಪೀಕರ್ ಕೂಡ ಆದ. ಯುದ್ಧದ ನಡುವೆ ಬ್ಯಾಸ್ ತಪ್ಪಿಸಿಕೊಂಡು ಉತ್ತರಕ್ಕೆ, ಇಂಡಿಯನ್ ಟೆರಿಟರಿಗೆ ಓಡಿದರು. ಇಸ್ಪೀಟ್ ಆಟದಲ್ಲಿ ಜಗಳವಾಗಿ ಯಜಮಾನನಿಗೆ ಹೊಡೆದು ಓಡಿದರು ಎಂಬುದು ಅವರ ಕುಟುಂಬದವರು ಹೇಳುತ್ತಾ ಬಂದ ಮಾತು. ಕಾಗದದ ಆಧಾರ ಇಲ್ಲ. ಮಕ್ಕಳಿಗೆ ಹೇಳುವಾಗ 'ಮನೆಯವರು ಹೀಗೆ ಹೇಳುತ್ತಿದ್ದರು' ಎಂದೇ ಹೇಳಿ, ಏನೂ ಕಮ್ಮಿಯಾಗುವುದಿಲ್ಲ.

ಇಂಡಿಯನ್ ಟೆರಿಟರಿ ಎಂದರೆ ಇಂದಿನ ಒಕ್ಲಹೋಮಾ ರಾಜ್ಯದ ಬಹುಭಾಗ, ಮೂಲನಿವಾಸಿಗಳ ನಾಡು. ಚೆರೋಕಿ, ಚಾಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಜನರನ್ನು ತಮ್ಮ ಹಳೆಯ ನೆಲದಿಂದ ಓಡಿಸಿ ಅಲ್ಲಿಗೆ ತಂದು ಬಿಟ್ಟಿದ್ದರು. ಅವರಲ್ಲೂ ಸ್ಥಿತಿವಂತರು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. 1866ರ ಒಪ್ಪಂದಗಳು ಈ ಗುಲಾಮರ ಬಿಡುಗಡೆಯನ್ನು ಖಾತ್ರಿ ಮಾಡಿದವು. ಹೀಗೆ ಅಲ್ಲಿ ಕ್ರೀಕ್ ಭಾಷೆ ಮಾತಾಡುವ, ಕ್ರೀಕ್ ಊಟ ಉಣ್ಣುವ ಕಪ್ಪು ರೈತರು ಇದ್ದರು. ಓಡಿಹೋದ ಬ್ಯಾಸ್ ಈ ಜನರ ನಡುವೆ ಬದುಕಿ ಅವರ ಭಾಷೆ, ಕಾಡು, ಹೊಳೆದಾರಿಗಳನ್ನು ಕಲಿತರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ನಿಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆ ಬುಡಕಟ್ಟುಗಳಿಗೆ ತಮ್ಮದೇ ನ್ಯಾಯಾಲಯ, ತಮ್ಮದೇ ಕುದುರೆ ಪೊಲೀಸರು ಇದ್ದರು. ಆದರೆ ಹೊರಗಿನಿಂದ ಬಂದ ಅಮೆರಿಕನ್ ಪ್ರಜೆಗಳ ಮೇಲೆ ಅವರ ಕಾನೂನು ನಡೆಯುತ್ತಿರಲಿಲ್ಲ. ಟೆಕ್ಸಾಸ್‌ನಿಂದಲೋ ಕನ್ಸಾಸ್‌ನಿಂದಲೋ ಗಡಿ ದಾಟಿ ಬಂದವನು ಇಲ್ಲಿ ಕೊಲೆ ಮಾಡಿದರೆ ಬುಡಕಟ್ಟಿನ ಪೊಲೀಸರು ಅವನ ವಿಚಾರಣೆ ನಡೆಸುವಂತಿರಲಿಲ್ಲ. ಅದೇನಿದ್ದರೂ ಆರ್ಕನ್ಸಾದ ಫೋರ್ಟ್ ಸ್ಮಿತ್‌ನಲ್ಲಿದ್ದ ಕೇಂದ್ರ ನ್ಯಾಯಾಲಯದ ಕೆಲಸ. 1875ರಲ್ಲಿ ಐಸಾಕ್ ಪಾರ್ಕರ್ ಅಲ್ಲಿ ನ್ಯಾಯಾಧೀಶರಾಗಿ ಬಂದರು. ಅವರ ವ್ಯಾಪ್ತಿ ಸುಮಾರು 74,000 ಚದರ ಮೈಲಿ. ಹೆಚ್ಚು ಕಡಿಮೆ ನಮ್ಮ ಕರ್ನಾಟಕದಷ್ಟು ನೆಲ! ಅದನ್ನು ಕಾಯಲು 200 ಡೆಪ್ಯುಟಿ ಮಾರ್ಷಲ್‌ಗಳನ್ನು ನೇಮಿಸಿ ಎಂದು ಮಾರ್ಷಲ್ ಜೇಮ್ಸ್ ಫೇಗನ್ ಅವರಿಗೆ ಆದೇಶ ಹೋಯಿತು.

ಯಾರು ಸಿಗುತ್ತಾರೆ ಈ ಕೆಲಸಕ್ಕೆ? ಬಿಳಿಯ ಡೆಪ್ಯುಟಿ ಬಂದರೆ ಮೂಲನಿವಾಸಿಗಳು ನಂಬುತ್ತಿರಲಿಲ್ಲ. ನಂಬಲು ಕಾರಣವೂ ಇರಲಿಲ್ಲ, ಅಲ್ವಾ? ಭಾಷೆ ಬಲ್ಲ, ದಾರಿ ಬಲ್ಲ, ಕುದುರೆ ಮತ್ತು ಬಂದೂಕು ಚೆನ್ನಾಗಿ ಬಳಸುವ ಕಪ್ಪು ಜನ ಅಲ್ಲೇ ಇದ್ದರು. ಉದಾರತೆಯಿಂದ ಕರೆದಿದ್ದಲ್ಲ, ಅವರಿಲ್ಲದೆ ಕೆಲಸ ಆಗುತ್ತಿರಲಿಲ್ಲ. ರೀವ್ಸ್ ಹೀಗೆ ಸೇರಿದ ಮೊದಲಿಗರಲ್ಲಿ ಒಬ್ಬರು. 'ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಮೊಟ್ಟಮೊದಲ ಕಪ್ಪು ಡೆಪ್ಯುಟಿ' ಎಂದು ಎಲ್ಲ ಕಡೆ ಬರೆಯುತ್ತಾರೆ. 'ಮೊದಲಿಗರಲ್ಲಿ ಒಬ್ಬರು' ಎಂದರೆ ಸಾಕು.

ಸಂಬಳ ಇರಲಿಲ್ಲ. ಒಂದು ಬಂಧನಕ್ಕೆ 2 ಡಾಲರ್. ವಾರೆಂಟ್ ಹಿಡಿದು ಹೋದ ದಾರಿಗೆ ಮೈಲಿಗೆ 6 ಸೆಂಟ್, ಕೈದಿಯನ್ನು ತರುವಾಗ ಮೈಲಿಗೆ 10 ಸೆಂಟ್. ಬಂಧಿಸಬೇಕಾದವನು ಸತ್ತರೆ ಆ ಹಣವೂ ಇಲ್ಲ, ಅವನನ್ನು ಹೂಳುವ ಖರ್ಚು ಬೇರೆ ಡೆಪ್ಯುಟಿಯ ತಲೆಗೆ. ಒಂದು ವ್ಯಾಗನ್, ಒಬ್ಬ ಅಡುಗೆಯವನು, ಒಬ್ಬಿಬ್ಬರು ಸಹಾಯಕರು ಜತೆಗೆ. ಹಿಡಿದವರನ್ನು ಸರಪಳಿಯಲ್ಲಿ ಕಟ್ಟಿಕೊಂಡು ವಾರಗಟ್ಟಲೆ ತಿರುಗಬೇಕು. ಒಂದು ರೈಲು ಹಳಿಯ ಆಚೆಗೆ ಬಂದರೆ ಕೊಲ್ಲುತ್ತೇವೆ ಎಂದು ಕಳ್ಳರು ಡೆಪ್ಯುಟಿಗಳ ಹೆಸರು ಬರೆದು ಚೀಟಿ ಅಂಟಿಸುತ್ತಿದ್ದರು. ಎಷ್ಟೋ ಜನ ಡೆಪ್ಯುಟಿಗಳು ಸತ್ತರು ಕೂಡ.

ರೀವ್ಸ್‌ಗೆ ಓದು ಬರಹ ಬರುತ್ತಿರಲಿಲ್ಲ. ವಾರೆಂಟ್‌ಗಳನ್ನು ಯಾರಿಂದಲಾದರೂ ಓದಿಸಿ, ಯಾವ ಹಾಳೆ ಯಾರದ್ದು ಎಂದು ನೆನಪಿಟ್ಟುಕೊಂಡು ಹೊರಡುತ್ತಿದ್ದರು. ನಿಮ್ಮ ಮಕ್ಕಳಿಗೆ ಲೋನ್ ರೇಂಜರ್‌ಗಿಂತ ಇದು ಜಾಸ್ತಿ ಹಿಡಿಸುತ್ತದೆ, ನೋಡಿ. ವೇಷದ ಕಥೆಯೂ ಇದೆ. ಇಬ್ಬರು ಅಣ್ಣತಮ್ಮಂದಿರನ್ನು ಹಿಡಿಯಲು ಹರಕು ಬೂಟು, ಗುಂಡು ತೂರಿದ ಟೋಪಿ ಹಾಕಿಕೊಂಡು ಭಿಕಾರಿಯಂತೆ 28 ಮೈಲಿ ನಡೆದು ಹೋದರಂತೆ. ಅವರ ತಾಯಿ ಊಟ ಹಾಕಿದಳಂತೆ. ರಾತ್ರಿ ಮಲಗಿದ್ದಾಗ ಇಬ್ಬರಿಗೂ ಕೈಕೋಳ ತೊಡಿಸಿ, ಬೆಳಿಗ್ಗೆ ಅಷ್ಟೂ ದೂರ ನಡೆಸಿಕೊಂಡು ಬಂದರಂತೆ. ತಾಯಿ ಮೂರು ಮೈಲಿ ಹಿಂದೆಯೇ ಬೈಯುತ್ತಾ ಬಂದಳಂತೆ. ಇದು ಬಾಯಿಮಾತಿನಲ್ಲಿ ಉಳಿದ ಕಥೆ. ಸುಂದರವಾಗಿದೆ, ಹೇಳಿ. 'ಅಂತೆ' ಸೇರಿಸಿ ಹೇಳಿ.

3,000 ಬಂಧನ ಎಂಬುದು ಈಗಿನವರು ಹುಟ್ಟಿಸಿದ್ದಲ್ಲ. ಅವರು ಬದುಕಿದ್ದಾಗಲೇ, 1901ರಲ್ಲಿ, ಅಚ್ಚಾಗಿತ್ತು. 32 ವರ್ಷಗಳ ಕೆಲಸದಲ್ಲಿ ಅದು ಆಗದ ಮಾತೂ ಅಲ್ಲ. ಆದರೆ ಉಳಿದಿರುವ ದಾಖಲೆಗಳಿಂದ ಅಷ್ಟನ್ನೂ ಎಣಿಸಿ ತೋರಿಸಲು ಆಗುವುದಿಲ್ಲ. ಕೊಂದವರ ಸಂಖ್ಯೆಯನ್ನು ಕೆಲವರು 14 ಎನ್ನುತ್ತಾರೆ, ಕೆಲವರು 20 ದಾಟಿಸುತ್ತಾರೆ. ಈ ಕೊಂದವರ ಲೆಕ್ಕವನ್ನು ಮಕ್ಕಳ ಮುಂದೆ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಹೆಣಗಳ ಎಣಿಕೆಯಿಂದ ಒಬ್ಬ ಪೊಲೀಸನ ಯೋಗ್ಯತೆ ಅಳೆಯುವ ಅಭ್ಯಾಸ ನಮಗೆ ಸಿನಿಮಾದಿಂದ ಬಂದಿದ್ದು. ಸಾವಿರಾರು ಜನರನ್ನು ಜೀವಂತ ಕರೆತಂದರು ಎಂಬುದೇ ಅಲ್ಲಿ ದೊಡ್ಡ ವಿಷಯ.

ಅವರ ಬದುಕಿನ ಎರಡು ಘಟನೆಗಳನ್ನು ಮಾತ್ರ ಬಿಡಬೇಡಿ. ಮೊದಲನೆಯದು, ಅವರ ಮೇಲೇ ನಡೆದ ಕೊಲೆ ಮೊಕದ್ದಮೆ. 1884ರಲ್ಲಿ ಅವರ ಬಂದೂಕಿನ ಗುಂಡು ತಗುಲಿ ಜತೆಯಲ್ಲಿದ್ದ ಅಡುಗೆಯವನು ವಿಲಿಯಂ ಲೀಚ್ ಸತ್ತ. ಸಿಕ್ಕಿಹಾಕಿಕೊಂಡ ಕಾಡತೂಸನ್ನು ತೆಗೆಯುವಾಗ ಆಕಸ್ಮಿಕವಾಗಿ ಹಾರಿತು ಎಂದರು ರೀವ್ಸ್. ಬೇಕೆಂದೇ ಹೊಡೆದರು ಎಂದರು ಸರ್ಕಾರದ ಪರ ಸಾಕ್ಷಿಗಳು. 1886ರಲ್ಲಿ ಅವರನ್ನು ಬಂಧಿಸಿದರು. ತಾವು ಕೈದಿಗಳನ್ನು ತಂದು ಒಪ್ಪಿಸುತ್ತಿದ್ದ ಅದೇ ಜೈಲಿನಲ್ಲಿ ಅವರು ತಿಂಗಳುಗಳನ್ನು ಕಳೆದರು. 1887ರ ಅಕ್ಟೋಬರ್‌ನಲ್ಲಿ ಪಾರ್ಕರ್ ಅವರ ನ್ಯಾಯಾಲಯ ಬಿಡುಗಡೆ ಮಾಡಿತು. ಅಷ್ಟರಲ್ಲಿ ವಕೀಲರಿಗೆ ಕೊಟ್ಟು ಕೊಟ್ಟು ಉಳಿತಾಯವೆಲ್ಲ ಖಾಲಿಯಾಗಿತ್ತು. ಮತ್ತೆ ಅದೇ ಕೆಲಸಕ್ಕೆ ಹೋದರು. ಎರಡನೆಯದು 1902ರದ್ದು. ಅವರ ಮಗ ಬೆನ್ನಿ ತನ್ನ ಹೆಂಡತಿಯನ್ನು ಕೊಂದ. ವಾರೆಂಟ್ ಹಿಡಿದು ಹೋಗಲು ಬೇರೆ ಡೆಪ್ಯುಟಿಗಳಿಗೆ ಮನಸ್ಸಿರಲಿಲ್ಲ. ರೀವ್ಸ್ ತಾವೇ ಕೇಳಿ ತೆಗೆದುಕೊಂಡು ಮಗನನ್ನು ಹಿಡಿದು ತಂದರು. ಮಗ ಕನ್ಸಾಸ್‌ನ ಲೆವನ್‌ವರ್ತ್ ಜೈಲಿಗೆ ಹೋದ. ಹದಿಹರೆಯದ ಮಕ್ಕಳು ಇದನ್ನು ಕೇಳಿ ವಾದ ಮಾಡುತ್ತಾರೆ, ನಾನು ಕಂಡಿದ್ದೇನೆ. ಮಾಡಲಿ ಬಿಡಿ.

ಕಪ್ಪು ಡೆಪ್ಯುಟಿ ಒಬ್ಬರೇ ಇದ್ದರು ಎಂಬ ಭಾವನೆ ಮಾತ್ರ ಬರಬಾರದು. ಯುಫೌಲಾ ಊರಿನ ಗ್ರಾಂಟ್ ಜಾನ್ಸನ್ ಕ್ರೀಕ್ ಮತ್ತು ಚಿಕಸಾ ಜನರಿಂದ ಬಿಡುಗಡೆಯಾದ ಗುಲಾಮರ ಮಗ, ಪಾರ್ಕರ್ ಅವರ ಒಳ್ಳೆಯ ಡೆಪ್ಯುಟಿಗಳಲ್ಲಿ ಒಬ್ಬರು. ಐಕ್ ರೋಜರ್ಸ್ ಚೆರೋಕಿ ಕಪ್ಪು ಕುಟುಂಬದವರು, ಹಿಂದೆ ಡೆಪ್ಯುಟಿ ಕೆಲಸ ಮಾಡಿದ್ದವರು. 1895ರಲ್ಲಿ ಚೆರೋಕಿ ಬಿಲ್ ಎಂಬ ಕೊಲೆಗಾರನನ್ನು ತಮ್ಮ ಮನೆಗೇ ಕರೆಸಿ, ಒಲೆಯ ಸೌದೆಯಿಂದ ತಲೆಗೆ ಹೊಡೆದು ಹಿಡಿದುಕೊಟ್ಟರು. ಬಿಲ್‌ನನ್ನು ಮರುವರ್ಷ ಗಲ್ಲಿಗೇರಿಸಿದರು. 1897ರಲ್ಲಿ ಬಿಲ್‌ನ ತಮ್ಮ ರೋಜರ್ಸ್ ಅವರನ್ನು ಗುಂಡಿಕ್ಕಿ ಕೊಂದ.

ಇನ್ನೊಂದು ಹೆಸರು ನಿಮಗಾಗಿಯೇ ಇಟ್ಟಿದ್ದೇನೆ. ಶುಗರ್‌ಲ್ಯಾಂಡ್ ಇರುವುದು ಫೋರ್ಟ್ ಬೆಂಡ್ ಕೌಂಟಿಯಲ್ಲಿ. 1869ರಲ್ಲಿ ಅಲ್ಲಿನ ಜನ ವಾಲ್ಟರ್ ಮೋಸಸ್ ಬರ್ಟನ್ ಎಂಬ ಕಪ್ಪು ವ್ಯಕ್ತಿಯನ್ನು ಷೆರಿಫ್ (ಕೌಂಟಿಯ ಮುಖ್ಯ ಪೊಲೀಸ್ ಅಧಿಕಾರಿ) ಆಗಿ ಆರಿಸಿದರು. ಕೆಲವೇ ವರ್ಷ ಹಿಂದೆ ಅವರು ಗುಲಾಮರಾಗಿದ್ದವರು. ಮುಂದೆ ರಾಜ್ಯದ ಸೆನೆಟರ್ ಆದರು. ಅದೇ ಹೊತ್ತಿಗೆ, 1870ರಿಂದ 1873ರವರೆಗೆ, ಟೆಕ್ಸಾಸ್ ರಾಜ್ಯ ಪೊಲೀಸ್ ಪಡೆ ಇತ್ತು. ಅದರಲ್ಲಿ ಸುಮಾರು ಹತ್ತಕ್ಕೆ ನಾಲ್ವರು ಕಪ್ಪು ಜನ. ಆಮೇಲೆ ಏನಾಯಿತು? 1889ರಲ್ಲಿ ಜೇಬರ್ಡ್ ಎಂಬ ಬಿಳಿಯರ ಬಣ ಬಂದೂಕು ಹಿಡಿದು ಕೌಂಟಿಯ ಆಡಳಿತವನ್ನು ವಶಪಡಿಸಿಕೊಂಡಿತು. ಕಪ್ಪು ಅಧಿಕಾರಿಗಳನ್ನು ಓಡಿಸಿತು. ಆ ಬಣದ ಒಳಗಿನ ಚುನಾವಣೆಯಲ್ಲಿ ಗೆದ್ದವನೇ ಕೌಂಟಿಯಲ್ಲೂ ಗೆಲ್ಲುತ್ತಿದ್ದ. ಅದರಲ್ಲಿ ಕಪ್ಪು ಜನ ಮತ ಹಾಕುವಂತಿರಲಿಲ್ಲ. 1953ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸುವವರೆಗೂ ಇದು ನಡೆಯಿತು.

ಈ ಜನರನ್ನು ಯಾಕೆ ಮರೆತರು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ರೀವ್ಸ್ ತಮ್ಮ ಕಾಲದಲ್ಲಿ ಅನಾಮಿಕರಾಗಿರಲಿಲ್ಲ. ಪತ್ರಿಕೆಗಳು ಅವರ ಬಗ್ಗೆ ಬರೆಯುತ್ತಿದ್ದವು. ಸತ್ತಾಗ ಒಕ್ಲಹೋಮಾದ ಮಸ್ಕೋಗಿ ನಗರದ ಪತ್ರಿಕೆ ಗೌರವದಿಂದಲೇ ಸುದ್ದಿ ಮಾಡಿತು. ಮರೆವು ಬಂದದ್ದು ಕಾನೂನಿನಿಂದ. 1907ರ ನವೆಂಬರ್ 16ರಂದು ಒಕ್ಲಹೋಮಾ ರಾಜ್ಯವಾಯಿತು. ಹೊಸ ಶಾಸನಸಭೆಯ ಸೆನೆಟ್ ಕೈಗೆತ್ತಿಕೊಂಡ ಮೊದಲ ಮಸೂದೆಯೇ ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಬೋಗಿ ಎಂಬುದು. 32 ವರ್ಷ ಆ ನೆಲವನ್ನು ಕಾಯ್ದವರು ಅದೇ ನೆಲದಲ್ಲಿ ಬೇರೆ ಬೋಗಿಗೆ ಹೋಗಬೇಕಾಯಿತು. ರೀವ್ಸ್ ಡೆಪ್ಯುಟಿ ಕೆಲಸವೂ ಅದೇ ವರ್ಷ ಮುಗಿಯಿತು. ಎರಡು ವರ್ಷ ಮಸ್ಕೋಗಿ ನಗರದ ಪೊಲೀಸ್ ಆಗಿ ಬೀದಿ ಗಸ್ತು ತಿರುಗಿದರು. 1910ರ ಜನವರಿ 12ರಂದು ಮೂತ್ರಪಿಂಡದ ಕಾಯಿಲೆಯಿಂದ ಸತ್ತರು. ಅದೇ ವರ್ಷ ಒಕ್ಲಹೋಮಾ ಕಪ್ಪು ಜನರ ಮತದ ಹಕ್ಕನ್ನು ಕಿತ್ತುಕೊಳ್ಳುವ ತಿದ್ದುಪಡಿ ತಂದಿತು. ಅವರ ಸಮಾಧಿ ಎಲ್ಲಿದೆ ಎಂಬುದು ಇವತ್ತಿಗೂ ಖಚಿತವಿಲ್ಲ. ಮತ ಹಾಕುವ ಅರ್ಹತೆಯೇ ಇಲ್ಲ ಎಂದು ಒಂದು ಸಮುದಾಯದ ಬಗ್ಗೆ ಕಾನೂನು ಬರೆದವರು, ಅದೇ ಸಮುದಾಯದವರು ತಮ್ಮನ್ನು ಕಾಪಾಡಿದರು ಎಂದು ಶಾಲೆಯ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ? ಹಾಲಿವುಡ್ ಬರುವ ಹೊತ್ತಿಗೆ ಗಡಿನಾಡಿನ ಮಾರ್ಷಲ್ ಎಂದರೆ ಬಿಳಿಯ ಎಂದು ಆಗಿಹೋಗಿತ್ತು. 1881ರಲ್ಲಿ ಅರಿಜೋನಾದ ಟೂಂಬ್‌ಸ್ಟೋನ್‌ನಲ್ಲಿ ವ್ಯಾಟ್ ಅರ್ಪ್ ಎಂಬ ಬಿಳಿಯ ಪೊಲೀಸ್ ಅಧಿಕಾರಿ ಗುಂಡಿನ ಕಾಳಗ ನಡೆಸಿದ್ದು ಸುಮಾರು 30 ಸೆಕೆಂಡ್. ಅದು ಜಗತ್ತಿಗೇ ಗೊತ್ತು.

ಈಗ ನಿಮ್ಮ ಮುಂದಿರುವ ದಾರಿಗಳು. ಲೋನ್ ರೇಂಜರ್ ಇವರೇ ಎಂದು ಖಡಾಖಂಡಿತ ಹೇಳಬಹುದು. ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಆದರೆ ಮನೆಗೆ ಹೋಗಿ ಹುಡುಕಿದ ಒಬ್ಬ ಜಾಣ ಹುಡುಗನಿಗೆ ಆಧಾರ ಸಿಗದಿದ್ದರೆ ನೀವು ಹೇಳಿದ ನಿಜಗಳೂ ಅದರ ಜತೆ ಬಿದ್ದುಹೋಗುತ್ತವೆ. ನಿಮ್ಮ ಗೆಳತಿಗೆ ಆದದ್ದು ಅದೇ. ಇದಕ್ಕಿಂತ ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಬದುಕಿ, ಬೆವರಿ, ಜೈಲು ಕಂಡು, ಮಗನಿಗೆ ಕೋಳ ತೊಡಿಸಿದ ಮನುಷ್ಯನಿಗೆ ರೇಡಿಯೋದ ಒಂದು ಕಾಲ್ಪನಿಕ ಪಾತ್ರದಿಂದ ಬೆಲೆ ಬರಬೇಕೇ?

ಇನ್ನೊಂದು ದಾರಿ, 'ಕೆಲವರು ಹೀಗೆ ನಂಬುತ್ತಾರೆ, ಪುರಾವೆ ಇಲ್ಲ' ಎಂದು ಹೇಳಿ ಮುಂದೆ ಹೋಗುವುದು. ಇದು ಪ್ರಾಮಾಣಿಕ. ಅಪಾಯ ಏನೆಂದರೆ ಮಕ್ಕಳು 'ಪುರಾವೆ ಇಲ್ಲ' ಎಂಬುದನ್ನು ಮರೆತು ಲೋನ್ ರೇಂಜರ್ ಒಬ್ಬನನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೇ ಆ ಮಾತನ್ನು ಶುರುವಿನಲ್ಲಿ ಹೇಳಬೇಡಿ. ಯಾರಾದರೂ ಕೇಳಿದರೆ ಮಾತ್ರ ಹೇಳಿ. ದೊಡ್ಡ ಮಕ್ಕಳಾದರೆ ಅವರಿಗೇ ಕೊಡಿ: 1910 ಮತ್ತು 1933ರ ನಡುವೆ ಏನು ಪುರಾವೆ ಬೇಕಾಗುತ್ತದೆ, ಹುಡುಕಿ ಎಂದು.

ಅದನ್ನು ಪೂರ್ತಿ ಬಿಟ್ಟು ಬರೀ ದಾಖಲೆ ಹೇಳುವುದು ಮೂರನೆಯದು. ನನಗಿದು ಇಷ್ಟ. ಆದರೆ ಇಲ್ಲೂ ಎಚ್ಚರ ಬೇಕು. ರೀವ್ಸ್ ಅವರನ್ನು ದೇವರು ಮಾಡಿಬಿಡುವ ಆಸೆ ಬರುತ್ತದೆ. ಅವರು ಹಿಡಿದವರಲ್ಲಿ ಕೊಲೆಗಾರರಿದ್ದಂತೆ ಬರೀ ಸಾರಾಯಿ ಮಾರಿದ ಬಡವರೂ ಇದ್ದರು. ಅವರು ಜಾರಿ ಮಾಡಿದ್ದು ಮೂಲನಿವಾಸಿಗಳ ನೆಲದಲ್ಲಿ ಹೊರಗಿನ ಸರ್ಕಾರದ ಕಾನೂನನ್ನು. ಆ ನೆಲ ಯಾರದ್ದು ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ. 1866ರ ಗಡಿಯೊಳಗಿನ ಕ್ರೀಕ್ ನೆಲ ಕಾನೂನಿನ ಪ್ರಕಾರ ಇನ್ನೂ ಅವರ ಮೀಸಲು ಪ್ರದೇಶವೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇದನ್ನು ಹೇಳಿದರೆ ರೀವ್ಸ್ ಚಿಕ್ಕವರಾಗುವುದಿಲ್ಲ.

ನಾನಾಗಿದ್ದರೆ ವಾಲ್ಟರ್ ಬರ್ಟನ್ ಅವರಿಂದ ಶುರು ಮಾಡುತ್ತಿದ್ದೆ. ಮಕ್ಕಳು ದಿನಾ ಓಡಾಡುವ ಕೌಂಟಿ ಅದು. ಅಲ್ಲಿಂದ ರೀವ್ಸ್ ಕಡೆಗೆ ಹೋಗಿ, ಸಂಬಳದ ಲೆಕ್ಕ ಹಾಕಿಸುತ್ತಿದ್ದೆ: 200 ಮೈಲಿ ಹೋಗಿ, ಒಬ್ಬನನ್ನು ಹಿಡಿದು, 200 ಮೈಲಿ ವಾಪಸ್ ಬಂದರೆ ಕೈಗೆ ಎಷ್ಟು? ಒಟ್ಟು 34 ಡಾಲರ್. ಅದರಲ್ಲೂ ಒಂದು ಪಾಲು ಮೇಲಿನ ಮಾರ್ಷಲ್‌ಗೆ. ಸರಿ, ಆ ವ್ಯಕ್ತಿ ದಾರಿಯಲ್ಲಿ ಸತ್ತರೆ? ಇದನ್ನು ಕೇಳಿ ನೋಡಿ, ತರಗತಿ ಎದ್ದು ಕೂರುತ್ತದೆ.

ಸಾಧ್ಯವಾದರೆ ಬೇಸಿಗೆ ರಜೆಯಲ್ಲಿ ಫೋರ್ಟ್ ಸ್ಮಿತ್‌ಗೆ ಹೋಗಿಬನ್ನಿ. ಪಾರ್ಕರ್ ಅವರ ನ್ಯಾಯಾಲಯದ ಕೋಣೆ ಈಗ ರಾಷ್ಟ್ರೀಯ ಸ್ಮಾರಕದೊಳಗಿದೆ. 2012ರಲ್ಲಿ ನಿಲ್ಲಿಸಿದ ರೀವ್ಸ್ ಪ್ರತಿಮೆ ಇದೆ. ಮಾರ್ಷಲ್‌ಗಳ ವಸ್ತುಸಂಗ್ರಹಾಲಯ 2023ರಲ್ಲಿ ತೆರೆದಿದೆ. ಮನೆಯಲ್ಲೇ ಕೂತು ಓದುವುದಾದರೆ, 1930ರ ದಶಕದಲ್ಲಿ ಆ ನಾಡಿನ ಹಿರಿಯರಿಂದ ಕೇಳಿ ಬರೆದುಕೊಂಡ ಸಾವಿರಾರು ನೆನಪುಗಳನ್ನು ಒಕ್ಲಹೋಮಾ ವಿಶ್ವವಿದ್ಯಾಲಯ ಎಲ್ಲರಿಗೂ ತೆರೆದಿಟ್ಟಿದೆ. ರೀವ್ಸ್ ಅವರನ್ನು ಕಣ್ಣಾರೆ ಕಂಡವರ ಮಾತುಗಳೂ ಅದರಲ್ಲಿವೆ. ಫೋರ್ಟ್ ಸ್ಮಿತ್ ನ್ಯಾಯಾಲಯದ ಮೂಲ ಕಡತಗಳು ಟೆಕ್ಸಾಸ್‌ನಲ್ಲೇ, ಫೋರ್ಟ್ ವರ್ತ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಯಾವ ಹೆಸರಿನ ಮೊಕದ್ದಮೆ ಬೇಕು ಎಂದು ಮೊದಲೇ ಬರೆದು ಕೇಳಿಕೊಂಡು ಹೋಗುವುದು ಒಳ್ಳೆಯದು. ವಿಲಿಯಂ ಲೀಚ್ ಕೊಲೆ ಮೊಕದ್ದಮೆಯಿಂದ ಶುರು ಮಾಡಿ.